ಮರದ ಹಿಡಿಯೋ, ಸಿಂಥೆಟಿಕ್ ಹಿಡಿಯೋ: ಒಂದು ಪಾಯಿಂಟ್ 22 ರೈಫಲ್‌ನ ಆಯ್ಕೆ

ಮೈಸೂರು, ಜೂನ್ ಎರಡನೆಯ ವಾರ

ಗುರಿ ಅಭ್ಯಾಸಕ್ಕೆಂದು ಪಾಯಿಂಟ್ 22 ಬೋರಿನ, ಅಂದರೆ ನಳಿಕೆಯ ಒಳ ಅಗಲ ಸುಮಾರು 0.22 ಇಂಚಿನ, ರೈಫಲ್ ಇಟ್ಟುಕೊಳ್ಳಲು ನನಗೆ ಈ ಫೆಬ್ರವರಿಯಲ್ಲಿ ಲೈಸೆನ್ಸ್ ದೊರೆಯಿತು. 1959ರ ಆಯುಧ ಕಾಯಿದೆಯು ಮಾನ್ಯತೆ ಪಡೆದ ರೈಫಲ್ ಕ್ಲಬ್‌ಗಳ ಸದಸ್ಯರಿಗೆ ಗುರಿ ಅಭ್ಯಾಸದ ಲೈಸೆನ್ಸ್ ಕೊಡುವ ಕಡೆ ಈ ಬೋರನ್ನು ಹೆಸರಿಸಿಯೇ ಹೇಳಿದೆ. ನಾನು ಹುಡುಕುತ್ತಿರುವುದು ಸ್ಪರ್ಧೆಯ ಭಾರವಾದ ರೈಫಲ್ ಅಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಅವರು ಕಂಚು ಗೆದ್ದ 50 ಮೀಟರ್ ಸ್ಪರ್ಧೆಯಲ್ಲಿ ರೈಫಲ್ 8 ಕಿಲೋವರೆಗೂ ತೂಗಬಹುದು. ನನಗೆ ಬೇಕಾಗಿರುವುದು ನಿಂತು ಹೊಡೆಯುವ ಅಭ್ಯಾಸಕ್ಕೆ ಒದಗುವ, 3 ಕಿಲೋ ಒಳಗಿನ, ಹೊರದೇಶಗಳಲ್ಲಿ ಬೇಟೆಗಾರರಿಗೆಂದು ತಯಾರಾಗುವ ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ) ಮಾದರಿ.

ಬೇಟೆಯ ಮಾತು ಬಂದಿದ್ದರಿಂದ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಹವ್ಯಾಸದ ಬೇಟೆ ಮುಗಿದ ಅಧ್ಯಾಯ. ಹುಲಿ ಚಿರತೆಗಳ ಚರ್ಮವನ್ನು ಹದಗೊಳಿಸಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ಇದೇ ಮೈಸೂರಿನಲ್ಲಿತ್ತು. ಆ ಕಾಲ ಹೋದದ್ದು ಒಳ್ಳೆಯದೇ ಆಯಿತು ಎಂದು ಮನಸಾರೆ ನಂಬುವವನು ನಾನು. ನನ್ನ ರೈಫಲ್ ನೋಡಲಿರುವುದು 50 ಮೀಟರ್ ದೂರದ ಕಾಗದವನ್ನು ಮಾತ್ರ. ಆ ಕಾಗದದ ಮೇಲಿನ ಹತ್ತಂಕದ ವೃತ್ತದ ಅಗಲ 10.4 ಮಿಲಿಮೀಟರ್.

ನನ್ನ ಒಲವು ಮೊದಲಿನಿಂದಲೂ ಮರದ ಕಡೆಗೇ ಇತ್ತು. ಅಪ್ಪ ಮಂಡಿ ಮೊಹಲ್ಲಾದಲ್ಲಿ ಮೂವತ್ತು ವರ್ಷ ಬೀಟೆ ಮರದ ಇನ್‌ಲೇ ಕೆಲಸ ಮಾಡಿದವರು. ಮರದ ಎಳೆಯನ್ನು ಬೆರಳಿನಿಂದ ಓದುವ ಮನೆಯಲ್ಲಿ ಬೆಳೆದವನಿಗೆ ಪ್ಲಾಸ್ಟಿಕ್ಕಿನ ಬಂದೂಕು ರುಚಿಸುವುದು ಸುಲಭವಲ್ಲ.

ಆದರೆ ಈ ವಾರ ನಡೆದದ್ದು ನನ್ನನ್ನು ಯೋಚನೆಗೆ ಹಚ್ಚಿತು. ಮಾರ್ಚ್‌ನಲ್ಲಿ ನಾನೇ ಸ್ಕೋಪ್ ಹೊಂದಿಸಿ ನಡುವಿಗೆ ತಂದಿದ್ದ ಕ್ಲಬ್‌ನ ಹಳೆಯ ಮರದ ರೈಫಲ್, ನಾಲ್ಕು ದಿನ ಜಡಿಮಳೆ ಹಿಡಿದ ಮೇಲೆ, ಐದಕ್ಕೆ ಐದೂ ಗುಂಡುಗಳನ್ನು 18 ಮಿಲಿಮೀಟರ್ ಎಡಕ್ಕೆ ಹಾಕಿತು. ಗ್ರೂಪ್, ಅಂದರೆ ಐದು ಗುಂಡುಗಳು ಬಿದ್ದ ಗುಂಪು, ಚಿಕ್ಕದಾಗಿಯೇ ಇತ್ತು. ಜಾಗ ಮಾತ್ರ ಬದಲಾಗಿತ್ತು. ಬೋಲ್ಟ್ ಹೊರತೆಗೆದು, ಹತ್ತು ರೂಪಾಯಿಯ ನೋಟೊಂದನ್ನು ಬ್ಯಾರಲ್ಲಿನ ಅಡಿಗೆ ಸುತ್ತಿ, ಅದರ ಎರಡು ತುದಿಗಳನ್ನು ಹಿಡಿದು ಹಿಂದಕ್ಕೆ ಎಳೆಯುತ್ತಾ ಬಂದೆ. ಬ್ಯಾರಲ್ ಸ್ಟಾಕಿಗೆ, ಅಂದರೆ ಹಿಡಿಗೆ, ತಾಗದಂತೆ ಬಿಡುವಾಗಿದ್ದರೆ ನೋಟು ತಡೆಯಿಲ್ಲದೆ ಜಾರಬೇಕು. ತುದಿಯಿಂದ ಎರಡು ಇಂಚು ಬರುತ್ತಿದ್ದಂತೆಯೇ ಬಲಬದಿಯಲ್ಲಿ ಅದು ಸಿಕ್ಕಿಕೊಂಡಿತು. ಮರ ಉಬ್ಬಿ ಬ್ಯಾರಲ್ಲನ್ನು ಬಲದಿಂದ ಎಡಕ್ಕೆ ಒತ್ತುತ್ತಿತ್ತು.

ಕಾರ್ಯದರ್ಶಿಗಳ ಅನುಮತಿ ಪಡೆದು, ಕಳಚಿದ ಸ್ಟಾಕನ್ನಷ್ಟೇ ಅಪ್ಪನಿಗೆ ತೋರಿಸಿದೆ. ಅವರು ಬ್ಯಾರಲ್ ಕೂರುವ ಕಾಲುವೆಯಲ್ಲಿ ಹೆಬ್ಬೆರಳನ್ನು ಒಮ್ಮೆ ಎಳೆದು, "ಹೊರಗಡೆ ಮಾತ್ರ ಎಣ್ಣೆ ಕುಡಿಸವ್ರೆ ಕಣೋ, ಒಳಗೆ ಮರ ಬಾಯಾರಿ ಕೂತದೆ. ಮಳೆ ಬಂದ್ರೆ ನೀರು ಕುಡೀದೆ ಇನ್ನೇನ್ ಮಾಡ್ತದೆ?" ಎಂದರು. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಹಿಗ್ಗುವುದೇ ಹೆಚ್ಚು. ಕಾಲುವೆಯನ್ನು ಕೊಂಚ ತೀಡಿ ಒಳಗೂ ಎಣ್ಣೆ ಕುಡಿಸಿದರೆ ಈ ದೋಷ ಬಹುಮಟ್ಟಿಗೆ ಹೋಗುತ್ತದೆ ಎಂಬುದು ಅವರ ಅಭಿಪ್ರಾಯ. ಆದ್ದರಿಂದ ಮರವೇ ಕೆಟ್ಟದ್ದು ಎಂದು ನಾನು ಬರೆಯುವುದಿಲ್ಲ.

ಜುಲೈ

ಸಿಂಥೆಟಿಕ್ ಹಿಡಿಯೆಂದರೆ ಚಿಂತೆಯಿಲ್ಲ ಎಂಬ ಮಾತೂ ನಿಜವಲ್ಲವೆಂದು ಈ ತಿಂಗಳು ತಿಳಿಯಿತು. ಸದಸ್ಯರೊಬ್ಬರು ತಮ್ಮ ಅಗ್ಗದ ಸಿಂಥೆಟಿಕ್ ರೈಫಲ್ಲನ್ನು ಒಂದು ಭಾನುವಾರ ಪರೀಕ್ಷೆಗೆ ಕೊಟ್ಟರು. ತಯಾರಕರ ಹೆಸರು ಇಲ್ಲಿ ಬೇಡ. ಅಚ್ಚಿನಲ್ಲಿ ಎರೆದ ಅದರ ಹಿಡಿ ಒಳಗೆ ಟೊಳ್ಳು. ಬೆರಳ ಗಂಟಿನಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು ಬರುತ್ತದೆ. ಮೇಜಿನ ಮೇಲೆ ನೋಟು ಸಲೀಸಾಗಿ ಜಾರಿತು. ಮರಳಿನ ಚೀಲವನ್ನು ಮುಂಭಾಗದ ತುದಿಯ ಅಡಿಗೆ ಸರಿಸಿ, ಹೊಡೆಯುವಾಗ ಇರುವಂತೆ ಕೆನ್ನೆಯೊತ್ತಿ ಭಾರ ಬಿಟ್ಟಾಗ ಅದೇ ನೋಟು ಅಲ್ಲಾಡಲಿಲ್ಲ. ತೆಳುವಾದ ಮುಂಭಾಗ ಮೇಲಕ್ಕೆ ಬಾಗಿ ಬ್ಯಾರಲ್ಲಿಗೆ ತಾಗಿತ್ತು. ಚೀಲವನ್ನು ಬೋಲ್ಟಿನ ಹತ್ತಿರಕ್ಕೆ ತಂದು ಐದು, ತುದಿಗೆ ಒಯ್ದು ಐದು ಗುಂಡು ಹೊಡೆದೆ. ಎರಡನೆಯ ಗ್ರೂಪ್ 14 ಮಿಲಿಮೀಟರ್ ಮೇಲೆ ಬಿತ್ತು.

ಮರದ ರೈಫಲ್ ಋತುವಿನೊಂದಿಗೆ ಬದಲಾದರೆ, ಇದು ಹಿಡಿದ ಬಗೆಯೊಂದಿಗೇ ಬದಲಾಗುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಮರವನ್ನೇ ಆರಿಸುತ್ತಿದ್ದೆ, ಏಕೆಂದರೆ ಋತು ದಿನಕ್ಕೆ ಹತ್ತು ಬಾರಿ ಬದಲಾಗುವುದಿಲ್ಲ.

ಆಗಸ್ಟ್

ಕ್ಲಬ್‌ನ ಹಿರಿಯ ಶೂಟರ್ ಒಬ್ಬರು ತಮ್ಮ ಟಿಕ್ಕಾ ಟಿ1ಎಕ್ಸ್ ಮಾರುವ ಯೋಚನೆಯಲ್ಲಿದ್ದಾರೆಂದು ತಿಳಿಯಿತು. ವಿದೇಶಿ ರೈಫಲ್ ಆಮದು ನನ್ನಂಥ ಸಾಮಾನ್ಯ ಸದಸ್ಯನಿಗೆ ಎಟುಕುವಂಥದ್ದಲ್ಲ. ಅವರು ಮಾನ್ಯತೆ ಪಡೆದ ಶೂಟರ್ ಆಗಿದ್ದಾಗ ತರಿಸಿಕೊಂಡದ್ದು. ಆಮದಿನ ಷರತ್ತುಗಳ ಕಾಗದಪತ್ರಗಳನ್ನೆಲ್ಲ ನೋಡಿದ ಮೇಲೆಯೇ ಮಾತು ಮುಂದುವರಿಸಿದೆ.

ಇದು ಫಿನ್ಲೆಂಡಿನ ಸಾಕೋ ಕಂಪನಿಯ ತಯಾರಿಕೆ. ಹತ್ತು ತೋಟಾಗಳ ಮ್ಯಾಗಜೀನ್, ಗಾಜಿನ ನಾರು ಬೆರೆಸಿ ಗಡುಸುಗೊಳಿಸಿದ ಸಿಂಥೆಟಿಕ್ ಸ್ಟಾಕ್, ಸ್ಕೋಪ್ ಇಲ್ಲದೆ ತೂಕ ಸುಮಾರು 2.6 ಕಿಲೋ. ಅದೇ ಕಂಪನಿಯ ದೊಡ್ಡ ಬೋರಿನ ಬೇಟೆ ರೈಫಲ್ ಟಿ3ಎಕ್ಸ್‌ನ ಸ್ಟಾಕುಗಳು ಇದಕ್ಕೂ ಕೂರುವಂತೆ ರೂಪಿಸಿರುವುದರಿಂದ, ಮುಂದೆ ಹಿಡಿಯನ್ನೇ ಬದಲಿಸಬೇಕೆನಿಸಿದರೂ ದಾರಿಯಿದೆ.

ಮೂರು ಭಾನುವಾರ ಪರೀಕ್ಷಿಸಿದೆ. ಚೀಲವನ್ನು ಎಲ್ಲಿಟ್ಟರೂ, ಎಷ್ಟು ಒತ್ತಿದರೂ ನೋಟು ಜಾರಿತು. ಬೋಲ್ಟ್ ಕೂರುವ ಲೋಹದ ಭಾಗಕ್ಕೆ ಸ್ಟಾಕನ್ನು ಬಿಗಿಯುವ ತಿರುಪುಗಳ ತಲೆಯಿಂದ ಪಕ್ಕಕ್ಕೆ ಉಗುರುಬಣ್ಣದಲ್ಲಿ ಕೂದಲೆಳೆಯಂಥ ಒಂದೊಂದು ಗೆರೆ ಎಳೆದಿದ್ದೆ. ಮುನ್ನೂರು ಗುಂಡುಗಳಾದ ಮೇಲೂ ಗೆರೆ ಮುರಿದಿರಲಿಲ್ಲ, ಅಂದರೆ ತಿರುಪು ಕದಲಿರಲಿಲ್ಲ. ಎರಡನೆಯ ಭಾನುವಾರ ಮಳೆಯ ಎರಚಲಿನಲ್ಲಿಯೇ ಹೊಡೆದೆ. ಗ್ರೂಪ್‌ನ ನಡುಬಿಂದು ಹಿಂದಿನ ವಾರದ ಜಾಗದಲ್ಲಿಯೇ ಇತ್ತು. ನನ್ನ ಮನಸ್ಸು ತಿರುಗಿದ್ದು ಆ ದಿನ.

ಕೊರತೆಗಳೂ ಇವೆ. ಬೆವರಿದ ಕೆನ್ನೆ ಇದರ ಮೇಲೆ ಜಾರುತ್ತದೆ. ಸ್ಕೋಪ್ ಹಾಕಿದಾಗ ನನ್ನ ಮುಖಕ್ಕೆ ಕೆನ್ನೆಪಟ್ಟಿ ತಗ್ಗಾಗುತ್ತದೆ. ಕೆನ್ನೆಯ ಬದಲು ದವಡೆಯನ್ನು ಊರಿ ನೋಡಬೇಕಾಗುತ್ತದೆ, ಆಗ ತಲೆ ಪ್ರತಿ ಗುಂಡಿಗೂ ಒಂದೊಂದು ಕಡೆ ನಿಲ್ಲುತ್ತದೆ. ಸ್ಪಂಜಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಟ್ಟೆಯ ಟೇಪು ಸುತ್ತಿ ನೋಡುತ್ತಾ ಹೋದೆ. 14 ಮಿಲಿಮೀಟರ್ ಏರಿಸಿದಾಗ ಕಣ್ಣು ತಾನಾಗಿಯೇ ಸ್ಕೋಪಿನ ನಡುವಿಗೆ ಬಂತು. ಉದ್ದದ ವಿಷಯದಲ್ಲಿ ತೊಂದರೆಯಿಲ್ಲ: ಹಿಡಿಯ ಹಿಂಬದಿಯನ್ನು ಮೊಣಕೈ ಮಡಿಕೆಯಲ್ಲಿಟ್ಟರೆ ತೋರುಬೆರಳಿನ ಮೊದಲ ಗಿಣ್ಣು ಟ್ರಿಗರಿನ ಮೇಲೆ ಸರಿಯಾಗಿ ಬೀಳುತ್ತದೆ.

ಸೆಪ್ಟೆಂಬರ್

ಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಒಬ್ಬ ಲೈಸೆನ್ಸುದಾರ ಇನ್ನೊಬ್ಬನಿಗೆ ಮಾರುವ ಮುನ್ನ ಕೊಳ್ಳುವವನ ಹೆಸರು ವಿಳಾಸ ಸಹಿತ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ, 45 ದಿನ ಕಾಯಬೇಕೆಂದು ಕಾಯಿದೆ ಹೇಳುತ್ತದೆ. ಅವರು ಆಗಸ್ಟ್ 28ರಂದು ಪತ್ರ ಕೊಟ್ಟರು. ಅವಧಿ ಮುಗಿಯುವುದು ಅಕ್ಟೋಬರ್ 12ಕ್ಕೆ. ಅಷ್ಟರಲ್ಲಿ ಗೋಡೆಗೆ ಬೋಲ್ಟ್ ಹಾಕಿಸಿದ ಉಕ್ಕಿನ ಬೀರು ಸಿದ್ಧವಾಗಿದೆ. ಹಿಡಿಗೆ ತುಕ್ಕಿಲ್ಲವೆಂದು ಬ್ಯಾರಲ್ಲಿಗೂ ಇಲ್ಲವೆಂದುಕೊಳ್ಳಬಾರದು. ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಆಗಲೇ ಒಳಗೆ ಇಟ್ಟಿದ್ದೇನೆ.

ಸ್ಪಂಜಿನ ಪಟ್ಟಿಯನ್ನು ಅಪ್ಪ ಒಪ್ಪಲಿಲ್ಲ. ಆ 14 ಮಿಲಿಮೀಟರ್ ಎತ್ತರಕ್ಕೆ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು, ಬಹಳ ವರ್ಷಗಳಿಂದ ಒಣಗಿ ಕೂತಿದ್ದ ಬೀಟೆಯ ತುಂಡೊಂದನ್ನು ಅಟ್ಟದಿಂದ ಇಳಿಸಿದ್ದಾರೆ. ಕೆನ್ನೆ ತಾಗುವ ಮುಖವನ್ನು ಉಜ್ಜಿ ಮುಗಿಸಿದ್ದಾರೆ. ಪಟ್ಟಿ ಬಿಗಿಯುವ ಎರಡು ರಂಧ್ರಗಳ ಒಳಗೋಡೆಗೂ ಸೇರಿಸಿ ಮೊದಲ ಸಲದ ಎಣ್ಣೆ ಹಚ್ಚಿಯಾಗಿದೆ, ಎರಡನೆಯದು ನಾಳೆ.