ಅಂಚು ಹೀಗೇ ಇರುತ್ತೆ, ರೀ

ಈ ವಾರ ಕೇಳಿದ ಒಂದು ಮಾತು ತಲೆಯಿಂದ ಇಳಿಯುತ್ತಲೇ ಇಲ್ಲ.

ಇಬ್ಬರೂ ಸೆರಾಮಿಕ್ ಕಲಾವಿದರು, ಗಂಡ ಹೆಂಡತಿ. ಚಕ್ರದ ಕೆಲಸ ಆಕೆಯದ್ದು. ಗ್ಲೇಜ್ (ಸುಟ್ಟಾಗ ಗಾಜಿನಂತೆ ಹೊಳೆಯುವ ಲೇಪ), ಕಿಲ್ನ್ (ಮಡಕೆ ಸುಡುವ ಗೂಡು) ಎರಡೂ ಗಂಡನದ್ದು. ನಾನು ಹೋದಾಗ ಅವರು ಒಮ್ಮೆ ಸುಟ್ಟ ಬೋಗುಣಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಅಂಚು ತೀರಾ ತೆಳು ಮಾಡಿದ್ದೀಯ. ಗ್ಲೇಜ್ ನಿಲ್ಲಲ್ಲ ಕಣೇ."

ಆಕೆ ಚಕ್ರದಿಂದ ತಲೆ ಎತ್ತಲಿಲ್ಲ. "ಅಂಚು ಹೀಗೇ ಇರುತ್ತೆ, ರೀ. ನಿಮ್ಮ ಗ್ಲೇಜ್ ನೋಡ್ಕೊಳ್ಳಿ."

ಅವರು ಹೇಳಿದ್ದೂ ಸುಳ್ಳಲ್ಲ. ಒಮ್ಮೆ ಸುಟ್ಟ ಮಣ್ಣು ನೀರು ಹೀರುತ್ತೆ. ಹೀರಿದಷ್ಟೂ ಗ್ಲೇಜ್ ಪುಡಿ ಮೈಮೇಲೆ ಕೂರುತ್ತೆ. ಗೋಡೆ ತೆಳುವಿದ್ದರೆ ಬೇಗ ನೆನೆದುಬಿಡುತ್ತೆ, ಆಮೇಲೆ ಗ್ಲೇಜ್ ಹಿಡಿಯಲ್ಲ. ಅವರು ಮರುಮಾತಾಡದೆ ಬಕೆಟ್ ಹತ್ತಿರ ಕೂತರು. ಗ್ಲೇಜ್ ತಳಕ್ಕಿಳಿದು ಮೇಲೆ ತಿಳಿನೀರು ನಿಂತಿತ್ತು. ಆ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದು, ಉಳಿದದ್ದನ್ನು ಚೆನ್ನಾಗಿ ಕದಡಿದರು. ಬೋಗುಣಿಯ ಒಳಗೆ ಸುರಿದು, ಒಂದು ಸುತ್ತು ತಿರುಗಿಸಿ ಚೆಲ್ಲಿದರು. ಹೊರಭಾಗ ಮುಟ್ಟಲಿಲ್ಲ. ಒಳಗಿನದು ಪೂರ್ತಿ ಒಣಗಿದ ಮೇಲೆಯೇ ಅದು.

ನನಗೆ ಇಷ್ಟವಾಗಿದ್ದು ಇದೇ. ಮದುವೆ ಅಂದ ಕೂಡಲೇ 'ಹೊಂದಿಕೊಂಡು ಹೋಗಿ' ಅನ್ನುತ್ತಾರೆ. ಇಲ್ಲಿ ಇಬ್ಬರೂ ಹಾಗೆ ಮಾಡಿದ್ದರೆ ಅಂಚು ಸ್ವಲ್ಪ ದಪ್ಪವಾಗುತ್ತಿತ್ತು, ಬಣ್ಣ ಸ್ವಲ್ಪ ಮಂಕಾಗುತ್ತಿತ್ತು, ಬೋಗುಣಿ ಇಬ್ಬರಿಗೂ ಬೇಡವಾಗುತ್ತಿತ್ತು. ಆಕೆ ಪಟ್ಟು ಹಿಡಿದರು. ಅವರು ಕೆಲಸ ಜಾಸ್ತಿ ಮಾಡಿದರು. ಬೇರೆ ದಿನ ಪಟ್ಟು ಅವರದ್ದಿರುತ್ತೆ. ಕೆಂಪು ಬಣ್ಣಕ್ಕಾಗಿ ಆಕೆ ಆಕಾರವನ್ನೇ ಬದಲಿಸಿದ್ದೂ ಉಂಟಂತೆ.

ಗರ್ಟ್ರೂಡ್ ಮತ್ತು ಓಟೋ ನಾಟ್ಸ್‌ಲರ್ ದಂಪತಿಯ ಕೆಲಸವೂ ಹೀಗೇ ಹಂಚಿಕೆಯಾಗಿತ್ತು. ನಾತ್ಸಿಗಳು ಆಸ್ಟ್ರಿಯಾವನ್ನು ಹಿಡಿದ 1938ರಲ್ಲೇ ವಿಯೆನ್ನಾ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದವರು. ಗರ್ಟ್ರೂಡ್ ಚಕ್ರದ ಮೇಲೆ ತೆಳುಗೋಡೆಯ ಪಾತ್ರೆ ಎತ್ತುತ್ತಿದ್ದರು. ಓಟೋ ಅದಕ್ಕೆ ಗ್ಲೇಜ್ ಹುಡುಕುತ್ತಿದ್ದರು. ಗುಳ್ಳೆಯೆದ್ದು ಒಡೆದು ಕುಳಿ ಬಿದ್ದ ಗ್ಲೇಜ್‌ಗಳನ್ನು, ಬೇರೆಯವರು ದೋಷ ಅನ್ನುವುದನ್ನೇ, ಬೇಕೆಂದು ಮಾಡಿದರು. 1971ರಲ್ಲಿ ಗರ್ಟ್ರೂಡ್ ತೀರಿಕೊಂಡಾಗ ಗ್ಲೇಜ್ ಆಗದ ಪಾತ್ರೆಗಳು ಉಳಿದಿದ್ದವು. ಓಟೋ ಅವನ್ನು ಮುಗಿಸಿದರು. ಆಮೇಲೆ ತಾವೇ ಆಕಾರ ಕಟ್ಟತೊಡಗಿದರು. ಆದರೆ ಚಕ್ರದ ಮೇಲಲ್ಲ, ಮಣ್ಣಿನ ಹಲಗೆಗಳನ್ನು ಜೋಡಿಸಿ. 'ಅಂಚು ಹೀಗೇ ಇರುತ್ತೆ' ಅನ್ನುವವರು ಇಲ್ಲದಾಗ ಆ ಕೈಗಳಿಗೆ ಏನನ್ನಿಸಿರಬೇಕು? ಈ ವಾರವೆಲ್ಲ ಅದೇ ಯೋಚನೆ.

ಅದೇ ದಿನ ಇನ್ನೊಬ್ಬರು ಬಂದಿದ್ದರು. ಕಪಾಟಿನ ಮುಂದೆ ನಿಂತು ಗಂಡನನ್ನು ಹೊಗಳಿದ್ದೇ ಹೊಗಳಿದ್ದು. ಕೊನೆಗೆ "ಮನೆಯವರೂ ಕೈ ಜೋಡಿಸ್ತಾರಾ?" ಅಂದರು. ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಆಕೆ ಎದುರಿಗೇ ಕೂತಿದ್ದಾರೆ! "ಆಕಾರವೆಲ್ಲ ಅವಳದ್ದೇ" ಅಂದರು ಗಂಡ. ಬಂದವರು ಕೇಳಿಸಿಕೊಳ್ಳಲೇ ಇಲ್ಲ. ಮನುಷ್ಯ ಕೆಟ್ಟವರಲ್ಲ, ಆದರೆ ನೋಡುವುದಕ್ಕೆ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ನನಗೆ ಮೈ ಉರಿಯಿತು.

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸ್ಯಾನ್ ಇಲ್ಡೆಫಾನ್ಸೊ ಪ್ಯೂಬ್ಲೊ ಅನ್ನುವ ಮೂಲನಿವಾಸಿಗಳ ಊರಲ್ಲಿ ಇದು ತಿರುವುಮುರುವಾಗಿತ್ತು. ಮರಿಯಾ ಮಾರ್ಟಿನೆಜ್ ಚಕ್ರವಿಲ್ಲದೆ ಕೈಯಲ್ಲೇ ಮಡಕೆ ಕಟ್ಟುತ್ತಿದ್ದರು, ಗಂಡ ಜೂಲಿಯನ್ ಅದರ ಮೇಲೆ ಚಿತ್ರ ಬರೆಯುತ್ತಿದ್ದರು. ಹೊಳೆಯುವ ಕಪ್ಪಿನ ಮೇಲೆ ಮಂಕು ಕಪ್ಪಿನ ಆ ಚಿತ್ತಾರ ಇಬ್ಬರದ್ದೂ. ಮಡಕೆ ಕೆಲಸ ಹೆಂಗಸರದ್ದು ಅನ್ನುವ ಊರು, ಹಾಗಾಗಿ ಮೊದಮೊದಲು ತಳದಲ್ಲಿ ಹೆಂಡತಿಯ ಹೆಸರು ಮಾತ್ರ. 1920ರ ದಶಕದ ನಡುವಿನಿಂದ ಇಬ್ಬರ ಹೆಸರೂ ಬಂತು.

ನಾನು ನೋಡಿಬಂದ ದಂಪತಿಯ ಬೋಗುಣಿಗಳ ತಳದಲ್ಲಿ ಸದ್ಯ ಗಂಡನ ಹೆಸರಷ್ಟೇ ಇದೆ. ಇಬ್ಬರದ್ದೂ ಹಾಕಿ ಅಂತ ಹೇಳಿ ಬಂದಿದ್ದೇನೆ. ಮುಂದೆ ಯಾರಾದರೂ ಹಾಗೆ ಕೇಳಿದರೆ ಬೋಗುಣಿ ತಿರುಗಿಸಿ ತೋರಿಸಬಹುದು, ಅಲ್ವಾ?