ಅಷ್ಟು ಟ್ರಾಫಿಕ್ಕಿನ ನಡುವೆ ಸೈಕಲ್ ರೇಸೇ? ಹೊಸಬರೂ ಹೋಗಬಹುದೇ?

ಕಳೆದ ವರ್ಷ ಟೊರಾಂಟೊ ನಗರದ ಬೀದಿಗಳಲ್ಲಿ ನಡೆದ ಒಂದು ಸಣ್ಣ ಸೈಕಲ್ ರೇಸಿನಲ್ಲಿ ನಾನು ಭಾಗವಹಿಸಿದೆನೆಂದು ಪರಿಚಯದವರಿಗೆ ತಿಳಿದ ದಿನದಿಂದ ಒಂದೇ ಪ್ರಶ್ನೆ ಎರಡು ಬಗೆಯಲ್ಲಿ ನನಗೆ ಬರುತ್ತಿದೆ. ಮೈಸೂರಿನಲ್ಲಿರುವ ನನ್ನ ಅಕ್ಕ ಫೋನಿನಲ್ಲಿ, "ನಲವತ್ತಮೂರು ತುಂಬಿದ ಮೇಲೆ ಕಾರುಗಳ ಮಧ್ಯೆ ನುಗ್ಗೋದು ಬೇಕಿತ್ತೇನೋ ನಿನಗೆ?" ಎಂದಳು. ಇಲ್ಲಿನ ಕನ್ನಡ ಗೆಳೆಯರು ಸ್ವಲ್ಪ ಸಂಕೋಚದಿಂದ, "ನಮ್ಮಂಥವರೂ ಹೋಗಬಹುದೇ? ನಮಗೆ ಅಷ್ಟು ಜೋರಾಗಿ ತುಳಿಯೋಕೆ ಬರಲ್ಲವಲ್ಲ" ಎನ್ನುತ್ತಾರೆ. ಪ್ರತಿಯೊಬ್ಬರಿಗೂ ಅರ್ಧರ್ಧ ಉತ್ತರ ಕೊಟ್ಟು ಸಾಕಾಗಿರುವುದರಿಂದ ಪೂರ್ತಿ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹೋಗಬಹುದು. ಏಕೆಂದರೆ ಈ ಬಗೆಯ ರೇಸಿನಲ್ಲಿ ಪರೀಕ್ಷೆ ನಡೆಯುವುದು ಕಾಲುಗಳಿಗಿಂತ ಹೆಚ್ಚಾಗಿ ನಿಮಗಿರುವ ಬೀದಿಗಳ ಪರಿಚಯಕ್ಕೆ. ಆದರೆ ಕೆಂಪು ದೀಪಕ್ಕೆ ನಿಲ್ಲುವೆನೆಂದು ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿಕೊಂಡಿರಬೇಕು.

ಮೊದಲು ಇದೇನೆಂದು ಹೇಳಬೇಕು. ಇಂಥ ರೇಸುಗಳಿಗೆ ಅಲೀಕ್ಯಾಟ್ ಎಂದು ಹೆಸರು, ಎಂದರೆ ಗಲ್ಲಿಯ ಬೆಕ್ಕು. ಪೇಟೆಯ ವಕೀಲರ ಕಚೇರಿಗಳು, ಬ್ಯಾಂಕುಗಳು ಮತ್ತು ಮುದ್ರಣದ ಅಂಗಡಿಗಳ ನಡುವೆ ಸೈಕಲ್ ಮೇಲೆ ಲಕೋಟೆಗಳನ್ನು ಮುಟ್ಟಿಸುತ್ತಿದ್ದ ಕೊರಿಯರ್ ಹುಡುಗ ಹುಡುಗಿಯರು ತಮ್ಮತಮ್ಮಲ್ಲೇ ಯಾರು ಚುರುಕು ಎಂದು ನೋಡಿಕೊಳ್ಳಲು ಕಟ್ಟಿಕೊಂಡ ಆಟವಿದು. ಈ ಹೆಸರಿನ ಮೊದಲ ರೇಸು 1989ರಲ್ಲಿ ಹ್ಯಾಲೋವೀನ್ ಹಬ್ಬದ ಹೊತ್ತಿಗೆ ಇದೇ ಟೊರಾಂಟೊದಲ್ಲಿ ನಡೆಯಿತು. 1993ರಲ್ಲಿ ಬರ್ಲಿನ್ ನಗರದಲ್ಲಿ ಸೈಕಲ್ ಕೊರಿಯರುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಇಲ್ಲಿಂದ ಹೋದವರ ಜೊತೆಗೆ ಹೆಸರೂ ಹೋಗಿ ಊರೂರಿಗೆ ಹಬ್ಬಿತು. ಆಮೇಲೆ ಫ್ಯಾಕ್ಸು ಮತ್ತು ಇಮೇಲುಗಳು ಆ ಕೆಲಸದ ಬಹುಪಾಲನ್ನು ನುಂಗಿದವು, ಆಟ ಮಾತ್ರ ಉಳಿದುಕೊಂಡಿತು. ಇದಕ್ಕೆ ರಸ್ತೆ ಮುಚ್ಚುವುದಿಲ್ಲ, ಗುರುತು ಹಾಕಿದ ದಾರಿಯಿಲ್ಲ, ದಾರಿ ತೋರಿಸಲು ಸ್ವಯಂಸೇವಕರಿಲ್ಲ. ಹೊರಡುವ ಹೊತ್ತಿಗೆ ಕೈಗೊಂದು ಕಾಗದ ಕೊಡುತ್ತಾರೆ. ಅದನ್ನು ಮ್ಯಾನಿಫೆಸ್ಟ್ ಎನ್ನುತ್ತಾರೆ. ಅದರಲ್ಲಿ ಐದಾರು ಸ್ಥಳಗಳ ಹೆಸರಿರುತ್ತದೆ. ಎಲ್ಲ ಕಡೆಗೂ ಹೋಗಿ, ಅಲ್ಲಿ ಕಾದಿರುವವರಿಂದ ಮುದ್ರೆ ಹಾಕಿಸಿಕೊಂಡು, ಕೊನೆಯ ಸ್ಥಳವನ್ನು ತಲುಪಬೇಕು. ಯಾವುದು ಮೊದಲು, ಯಾವ ಬೀದಿಯಿಂದ ಎಂಬುದೆಲ್ಲ ನಿಮ್ಮ ತಲೆಗೆ ಬಿಟ್ಟದ್ದು.

ಸೈಕಲ್ ಸ್ಪರ್ಧೆಯಲ್ಲಿ ನನ್ನ ಪೂರ್ವಾನುಭವವೆಂದರೆ ನಮ್ಮ ಬೀದಿಯ ಗಣೇಶೋತ್ಸವದಲ್ಲಿ ನಡೆಯುತ್ತಿದ್ದ ನಿಧಾನ ಸೈಕಲ್ ಸ್ಪರ್ಧೆ. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಹಿಂದೆ ಉಳಿದವನು ಗೆದ್ದಂತೆ; ಒಂದು ವರ್ಷ ಎರಡನೆಯ ಬಹುಮಾನವಾಗಿ ಸ್ಟೀಲಿನ ಲೋಟ ಬಂದಿತ್ತು. ಅಲೀಕ್ಯಾಟಿನಲ್ಲಿಯೂ ಕಟ್ಟಕಡೆಗೆ ಬಂದವರಿಗೆ ಒಂದು ಬಹುಮಾನವಿರುವುದು ವಾಡಿಕೆಯೆಂದು ತಿಳಿದಾಗ ನನಗೆ ಅರ್ಧ ಧೈರ್ಯ ಬಂದಿತು.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಕ್ವೀನ್ ರಸ್ತೆಯ ಟ್ರಿನಿಟಿ ಬೆಲ್‌ವುಡ್ಸ್ ಉದ್ಯಾನದಲ್ಲಿ ಮೂವತ್ತೆಂಟು ಜನ ಸೇರಿದ್ದರು. ಹತ್ತು ಡಾಲರ್ ಕೊಟ್ಟು ಹೆಸರು ಬರೆಸಿದ ಮೇಲೆ, ಅಂಗೈಯಗಲದ ಪ್ಲಾಸ್ಟಿಕ್ ಹೊದಿಕೆಯ ಚೀಟಿಯೊಂದನ್ನು ಕೊಟ್ಟು ಹಿಂದಿನ ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿಸಿಕೊಳ್ಳಲು ಹೇಳಿದರು. ಅದೇ ಸ್ಪೋಕ್ ಕಾರ್ಡ್, ನನ್ನ ಸಂಖ್ಯೆ 27. ಸೈಕಲ್ಲುಗಳನ್ನೆಲ್ಲ ಹುಲ್ಲುಹಾಸಿನ ಆಚೆ ತುದಿಯಲ್ಲಿ ಮಲಗಿಸಿ, ನಮ್ಮನ್ನು ಈಚೆ ತುದಿಯಲ್ಲಿ ನಿಲ್ಲಿಸಿ, ಕಾಗದ ಹಂಚಿ, "ಹೊರಡಿ" ಎಂದುಬಿಟ್ಟರು. ನಾನು ಉಳಿದ ಹೊಸಬರಂತೆ ಸೈಕಲ್ಲಿನತ್ತ ಓಡಿದೆ. ಹಳಬರಲ್ಲಿ ಏಳೆಂಟು ಜನ ಓಡಲಿಲ್ಲ. ನಿಂತಲ್ಲೇ ಹುಲ್ಲಿನ ಮೇಲೆ ಕುಳಿತು, ಕಾಗದವನ್ನು ಮೊಣಕಾಲ ಮೇಲೆ ಹರಡಿ, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪ್ರತಿ ಹೆಸರಿನ ಪಕ್ಕದಲ್ಲಿ ಒಂದೊಂದು ಅಂಕಿ ಬರೆಯತೊಡಗಿದರು. ನೂರು ಮೀಟರ್ ಓಡಿ ಸೈಕಲ್ ಎತ್ತಿಕೊಂಡ ಮೇಲೆಯೇ ನನಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲವೆಂಬುದು ಹೊಳೆದದ್ದು. ಮೊದಲು ಮುಗಿಸಿದ ಐದು ಜನರಲ್ಲಿ ನಾಲ್ವರು ಹೀಗೆ ಕುಳಿತಿದ್ದವರು.

ಕಾಗದದಲ್ಲಿದ್ದವು ಕೆನ್ಸಿಂಗ್ಟನ್ ಮಾರ್ಕೆಟ್, ಕ್ವೀನ್ಸ್ ಪಾರ್ಕಿನ ಕುದುರೆ ಸವಾರನ ಪ್ರತಿಮೆ, ಕಾಸಾ ಲೋಮಾ ಪಕ್ಕದ ಮೆಟ್ಟಿಲುಗಳ ನೆತ್ತಿ, ರಿವರ್‌ಡೇಲ್ ಪಾರ್ಕ್ ಪೂರ್ವ ಮತ್ತು ಚೆರಿ ಬೀಚ್. ಕೊನೆಗೆ ಕ್ರಿಸ್ಟಿ ಪಿಟ್ಸ್ ಎಂಬ ತಗ್ಗಿನ ಉದ್ಯಾನ. ಎಲ್ಲ ಸೇರಿ ಇಪ್ಪತ್ತಾರು ಕಿಲೋಮೀಟರಿನ ಸುತ್ತು. ಇದರಲ್ಲೊಂದು ಸಣ್ಣ ಚಮತ್ಕಾರವಿತ್ತು, ಅದು ನನಗೆ ಆಮೇಲೆ ತಿಳಿಯಿತು. ಹೊರಟ ಉದ್ಯಾನವೂ ಮುಗಿಯುವ ಉದ್ಯಾನವೂ ನೆಲದಡಿಗೆ ಹೂತುಹೋದ ಗ್ಯಾರಿಸನ್ ಎಂಬ ಒಂದೇ ಹಳ್ಳದ ಪಾತ್ರದಲ್ಲಿವೆ. ಮೇಲೆ ಮನೆಗಳಿದ್ದರೂ ನೆಲದ ತಗ್ಗು ಹಾಗೆಯೇ ಉಳಿದಿದೆ. ಬೆಂಗಳೂರಿನ ಮುಚ್ಚಿದ ರಾಜಕಾಲುವೆಗಳ ಮೇಲೆ ಓಡಾಡಿದವರಿಗೆ ಇದು ಹೊಸ ಕಥೆಯೇನಲ್ಲ.

ಬಿದ್ದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಕ್ಕನಿಗೆ ಬೇಕಾದದ್ದು ಅದೇ. ಡಂಡಾಸ್ ರಸ್ತೆಯ ನಡುವೆ ಟ್ರಾಮ್ ಕಂಬಿಗಳಿವೆ. ಬಲಬದಿಯಲ್ಲಿ ನಿಂತಿದ್ದ ವ್ಯಾನೊಂದನ್ನು ಬಳಸಿ ಹೋಗಲು ಎಡಕ್ಕೆ ಸರಿದೆ, ಸರಿಯುವುದನ್ನು ಬಹಳ ಓರೆಯಾಗಿ ಸರಿದೆ. ಮುಂದಿನ ಗಾಲಿ ಕಂಬಿಯ ಸಂದಿಗೆ ಇಳಿದದ್ದು ಒಂದು ಮೆದುವಾದ ಸದ್ದಿನಂತೆ ಕೇಳಿಸಿತು, ಮರುಕ್ಷಣ ಹ್ಯಾಂಡಲ್ ನನ್ನ ಮಾತು ಕೇಳುವುದನ್ನು ನಿಲ್ಲಿಸಿತ್ತು. ಮೊಣಕೈ ಚರ್ಮ ಸುಲಿಯಿತು, ಪುಣ್ಯಕ್ಕೆ ಹಿಂದೆ ವಾಹನವಿರಲಿಲ್ಲ. ಕಂಬಿಯನ್ನು ಆದಷ್ಟು ನೇರವಾಗಿ, ಅಡ್ಡಕ್ಕೆ ದಾಟಬೇಕೆಂಬುದು ಈ ಊರಿನ ಪ್ರತಿ ಸೈಕಲ್ ಸವಾರನಿಗೂ ಗೊತ್ತು, ನನಗೂ ಗೊತ್ತಿತ್ತು, ಅವಸರದಲ್ಲಿ ಮರೆತೆ. ಸಾಮಾನಿನ ಚೀಲ ಹಿಡಿದಿದ್ದ ಒಬ್ಬ ಅಜ್ಜಿ ಸೈಕಲ್ಲನ್ನು ಎತ್ತಿ ನಿಲ್ಲಿಸಲು ಕೈ ಕೊಟ್ಟರು. ನಾನು ಮುಂದಿನ ಗಾಲಿಯನ್ನು ಎರಡು ಮಂಡಿಗಳ ನಡುವೆ ಅದುಮಿ ಹಿಡಿದು ಸೊಟ್ಟಗಾದ ಹ್ಯಾಂಡಲನ್ನು ನೆಟ್ಟಗೆ ಮಾಡಿದೆ. ಬಾಡಿಗೆ ಸೈಕಲ್ಲಿನ ಕಾಲದಲ್ಲಿ ಕಲಿತ ಆ ವಿದ್ಯೆ ಮೂವತ್ತು ವರ್ಷದ ಮೇಲೆ ಕೈಗೆ ತಾನಾಗಿ ಬಂತು.

ಕೆನ್ಸಿಂಗ್ಟನ್‌ನಲ್ಲಿ ಜನಜಂಗುಳಿಯಿದ್ದುದರಿಂದ ಸೈಕಲ್ ತಳ್ಳಿಕೊಂಡೇ ಹೋಗಬೇಕಾಯಿತು. ಕ್ವೀನ್ಸ್ ಪಾರ್ಕಿನಲ್ಲಿ ಕುದುರೆಯ ಮೇಲಿರುವವನು ಬ್ರಿಟನ್ನಿನ ದೊರೆಯಾಗಿದ್ದ ಏಳನೆಯ ಎಡ್ವರ್ಡ್. ಈ ಪ್ರತಿಮೆ ಮೊದಲಿದ್ದದ್ದು ದೆಹಲಿಯಲ್ಲಿ. 1969ರಲ್ಲಿ ಅದನ್ನು ಇಲ್ಲಿಗೆ ತಂದು ನಿಲ್ಲಿಸಿದರು. ವಲಸೆ ಬಂದವರಲ್ಲಿ ಅವನು ನನಗಿಂತ ಹಿರಿಯ ಎಂದುಕೊಂಡು ಮುದ್ರೆ ಹಾಕಿಸಿಕೊಂಡೆ.

ಕಾಸಾ ಲೋಮಾ 1914ರಲ್ಲಿ ಮುಗಿದ ಕೋಟೆಯಂಥ ಮನೆ. ಅದು ನಿಂತಿರುವ ದಿಬ್ಬ, ಹಿಮಯುಗದ ಕೊನೆಯಲ್ಲಿ ಇಲ್ಲಿದ್ದ ಇರೊಕ್ವಾಯ್ ಎಂಬ ದೊಡ್ಡ ಸರೋವರದ ಹಳೆಯ ದಡ. ಊರೆಲ್ಲ ಇಂದಿನ ಒಂಟಾರಿಯೊ ಸರೋವರದತ್ತ ಮೆಲ್ಲಗೆ ಇಳಿಜಾರಾಗಿದ್ದರೂ ಈ ಒಂದು ಸಾಲಿನಲ್ಲಿ ನೆಲ ಥಟ್ಟನೆ ಗೋಡೆಯಂತೆ ಎದ್ದುಬಿಡುತ್ತದೆ. ಕೆಳಗಿನ ಡೇವನ್‌ಪೋರ್ಟ್ ರಸ್ತೆಯಿಂದ ಮೇಲಕ್ಕೆ 110 ಮೆಟ್ಟಿಲುಗಳು. ಬೇಡವೆಂದರೆ ಪಶ್ಚಿಮಕ್ಕೆ ಸುತ್ತಿ ಬಾಥರ್ಸ್ಟ್ ರಸ್ತೆಯ ಏರನ್ನು ತುಳಿಯಬೇಕು. ನಾನು ಮಡ್‌ಗಾರ್ಡು, ಕ್ಯಾರಿಯರು ಎಲ್ಲ ಇರುವ ನನ್ನ ಭಾರದ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡೆ. ನಲವತ್ತನೆಯ ಮೆಟ್ಟಿಲಿನಲ್ಲಿ ಪೆಡಲು ಬೆನ್ನಿಗೆ ಚುಚ್ಚತೊಡಗಿತು, ಎಪ್ಪತ್ತರಲ್ಲಿ ಕೂತುಬಿಟ್ಟೆ. ಅರವತ್ತರ ಆಸುಪಾಸಿನ, ಬಿಳಿ ಗಡ್ಡದ, ಹಿಂದೆ ಕೊರಿಯರ್ ಆಗಿದ್ದ ಒಬ್ಬರು ಸೈಕಲ್ಲನ್ನು ಕೊಡೆಯಂತೆ ತೋಳಿಗೆ ತೂಗುಹಾಕಿಕೊಂಡು ಎರಡೆರಡು ಮೆಟ್ಟಿಲು ಹಾರುತ್ತ ನನ್ನನ್ನು ದಾಟಿದರು. ಮೇಲೆ ಮುದ್ರೆಯ ಜೊತೆಗೆ ಒಂದು ಮೀಟರ್ ಉದ್ದದ ರಟ್ಟಿನ ಕೊಳವೆಯನ್ನೂ ಕೊಟ್ಟು ಚೆರಿ ಬೀಚಿಗೆ ಮುಟ್ಟಿಸಲು ಹೇಳಿದರು. ಕಟ್ಟಡದ ನಕ್ಷೆಗಳನ್ನು ಕೊರಿಯರುಗಳು ಹೀಗೆಯೇ ಸಾಗಿಸುತ್ತಿದ್ದರು. ನನ್ನ ಶಾಲಾಮಕ್ಕಳ ಮಾದರಿಯ ಚೀಲದಲ್ಲಿ ಅದು ಬಿಲ್ಲಿನಂತೆ ಮೇಲೆದ್ದು ನಿಂತಿತು.

ನಾನು ನಿಜವಾಗಿ ಸೋತದ್ದು ಇಲ್ಲಿಂದ ಮುಂದೆ. "ರಿವರ್‌ಡೇಲ್" ಎಂದೊಡನೆ ನನ್ನ ಮನಸ್ಸಿಗೆ ಬಂದದ್ದು ಮಕ್ಕಳನ್ನು ಹಸು ಕುರಿ ತೋರಿಸಲು ಕರೆದುಕೊಂಡು ಹೋಗುತ್ತಿದ್ದ ರಿವರ್‌ಡೇಲ್ ಫಾರ್ಮ್. ಅದೇ ದಾರಿ ಹಿಡಿದು, ವೆಲ್ಸ್ಲಿ ರಸ್ತೆಯ ಸೈಕಲ್ ಪಟ್ಟಿಯಲ್ಲಿ ಬಹಳ ಖುಷಿಯಿಂದ ತುಳಿದು, ಉದ್ಯಾನದ ಅಂಚಿಗೆ ಬಂದು ನೋಡಿದರೆ ಒಬ್ಬರೂ ಇಲ್ಲ. ಎದುರಿಗೆ ಆಳವಾದ ಕಣಿವೆ. ಕೆಳಗೆ ಡಾನ್ ನದಿ, ರೈಲು ಕಂಬಿ, ಹೆದ್ದಾರಿ. ಕಣಿವೆಯಾಚೆಯ ಹುಲ್ಲಿನ ಇಳಿಜಾರಿನ ನೆತ್ತಿಯಲ್ಲಿ ಬೆರಳುಗುರಿನಷ್ಟು ಕಾಣುವ ನಾಲ್ಕಾರು ಜನ ಮತ್ತು ಒಂದು ಕಿತ್ತಳೆ ಬಣ್ಣದ ಬಟ್ಟೆ. ಕಾಗದದಲ್ಲಿ "ಪೂರ್ವ" ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಬ್ಲೂರ್ ರಸ್ತೆಯಲ್ಲೇ ನೇರವಾಗಿ ಬಂದು 1918ರಿಂದ ಕಣಿವೆಯನ್ನು ದಾಟಿಸುತ್ತಿರುವ ದೊಡ್ಡ ಸೇತುವೆಯ ಮೇಲೆ ಹಾದಿದ್ದರೆ ಆಗಲೇ ಅಲ್ಲಿರುತ್ತಿದ್ದೆ. ಈಗ ಕಾಲುಸೇತುವೆ ದಾಟಿ, ಚಳಿಗಾಲದಲ್ಲಿ ಮಕ್ಕಳು ಜಾರುಬಂಡಿಯಲ್ಲಿ ಇಳಿಯುವ ಆ ಏರನ್ನು ಸೈಕಲ್ ನೂಕಿಕೊಂಡು, ಕೊಳವೆ ತಲೆಗೆ ಬಡಿಯುತ್ತಿರಲು, ಹತ್ತಬೇಕಾಯಿತು. ಹನ್ನೆರಡು ವರ್ಷದಿಂದ ಈ ಊರಿನಲ್ಲಿದ್ದೇನೆ. ಒಂದೇ ಹೆಸರಿನ ಉದ್ಯಾನ ಕಣಿವೆಯ ಎರಡೂ ದಡದಲ್ಲಿದೆಯೆಂಬುದು ಅಂದಿನವರೆಗೆ ನನಗೆ ಲೆಕ್ಕಕ್ಕೇ ಬಂದಿರಲಿಲ್ಲ, ಏಕೆಂದರೆ ಕಾರಿನಲ್ಲಿ ಕೂತವನಿಗೆ ಫೋನು ದಾರಿ ಹೇಳುತ್ತದೆ, ಊರನ್ನು ಹೇಳುವುದಿಲ್ಲ.

ಉಳಿದದ್ದನ್ನು ಬೇಗ ಹೇಳಬಹುದು. ಬ್ರಾಡ್‌ವ್ಯೂ ರಸ್ತೆಯಲ್ಲಿ ಇಳಿದು, ಸಿಗ್ನಲ್‌ಗಳಲ್ಲಿ ನಿಂತು ನಿಂತು ಚೆರಿ ಬೀಚ್ ಸೇರಿ, ಕೊಳವೆ ಒಪ್ಪಿಸಿ, ಸರೋವರದ ದಂಡೆಯ ಹಾದಿಯಲ್ಲಿ ಪಶ್ಚಿಮಕ್ಕೆ ಬಂದೆ. ಅಲ್ಲಿಂದ ಶಾ ರಸ್ತೆ, ಏಕಮುಖ ರಸ್ತೆಯಾದರೂ ಸೈಕಲ್ಲಿಗೆ ಎದುರು ದಿಕ್ಕಿನ ಪಟ್ಟಿಯಿರುವ ಒಳ್ಳೆಯ ದಾರಿ. ಕ್ರಿಸ್ಟಿ ಪಿಟ್ಸ್ ಮುಟ್ಟಿದಾಗ ಎರಡು ಗಂಟೆ ನಾಲ್ಕು ನಿಮಿಷವಾಗಿತ್ತು. ಗೆದ್ದವಳು ಒಂದು ಗಂಟೆ ಒಂಬತ್ತು ನಿಮಿಷದಲ್ಲಿ ಮುಗಿಸಿದ್ದಳು. ಮೂವತ್ತೆಂಟರಲ್ಲಿ ನಾನು ಮೂವತ್ತೊಂದನೆಯವನು, ಆದ್ದರಿಂದ ಕೊನೆಯವರ ಬಹುಮಾನವೂ ಕೈತಪ್ಪಿತು.

ಈಗ ಅಪಾಯದ ಮಾತು. ಅಪಾಯವಿಲ್ಲವೆಂದರೆ ಸುಳ್ಳು ಹೇಳಿದಂತಾಗುತ್ತದೆ. 2008ರಲ್ಲಿ ಷಿಕಾಗೊ ನಗರದಲ್ಲಿ ಇಂಥದೇ ರೇಸಿನಲ್ಲಿ ಕೆಂಪು ದೀಪವಿದ್ದ ಕೂಡುರಸ್ತೆಯನ್ನು ದಾಟಲು ಹೋದ ಒಬ್ಬ ಸವಾರ ವಾಹನಕ್ಕೆ ಸಿಕ್ಕಿ ಸತ್ತಿದ್ದಾನೆ. ನಮ್ಮ ರೇಸಿನಲ್ಲಿಯೂ ಮುಂದಿದ್ದ ಹಲವರು ದೀಪ ನೋಡಲಿಲ್ಲವೆಂಬುದನ್ನು ನಾನು ಕಣ್ಣಾರೆ ಕಂಡೆ. ಅದನ್ನು ಧೈರ್ಯವೆಂದು ಹೊಗಳುವವರೊಡನೆ ನನಗೆ ಸಹಮತವಿಲ್ಲ. ಅದರಿಂದ ಎಷ್ಟು ಲಾಭವೆಂದು ಲೆಕ್ಕ ಹಾಕಿಯೂ ನೋಡಿದೆ. ನನ್ನ ಫೋನಿನಲ್ಲಿ ದಾಖಲಾದಂತೆ ಸಿಗ್ನಲ್‌ಗಳಲ್ಲಿ ಮೂವತ್ನಾಲ್ಕು ಸಲ ನಿಂತಿದ್ದೇನೆ, ಎಲ್ಲ ಸೇರಿ ಹದಿನೇಳು ನಿಮಿಷ. ರಿವರ್‌ಡೇಲಿನ ತಪ್ಪು ಒಂದೇ ಇಪ್ಪತ್ತೆರಡು ನಿಮಿಷ ತಿಂದಿತ್ತು. ಕಾನೂನು ಮುರಿದು, ಜೀವ ಒತ್ತೆಯಿಟ್ಟು ಉಳಿಸಬಹುದಾಗಿದ್ದ ಸಮಯಕ್ಕಿಂತ ಹೆಚ್ಚನ್ನು ಕಾಗದವನ್ನು ಇನ್ನೊಮ್ಮೆ ಓದಿ ಉಳಿಸಬಹುದಿತ್ತು. ದೀಪಕ್ಕಿಂತಲೂ ನನಗೆ ಹೆದರಿಕೆಯಿರುವುದು ನಿಂತ ಕಾರುಗಳ ಬಾಗಿಲಿಗೆ. 2015ರಲ್ಲಿ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಸರ್ಕಾರ, ನೋಡದೆ ಬಾಗಿಲು ತೆರೆದು ಸೈಕಲ್ಲಿಗೆ ಬಡಿಸುವವರಿಗೆ ದಂಡವನ್ನು ಕನಿಷ್ಠ 300, ಗರಿಷ್ಠ 1000 ಡಾಲರಿಗೆ ಏರಿಸಿತು. ಆದರೆ ದಂಡ ಬೀಳುವುದು ನೀವು ಬಿದ್ದ ಮೇಲೆ. ಆದ್ದರಿಂದ ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರವಿದ್ದು ತುಳಿಯಿರಿ, ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಸರಿ. ಹೆಲ್ಮೆಟ್, ಬೆಲ್ಲು, ಒಂದು ಬದಲಿ ಟ್ಯೂಬು, ಪಂಪು ಮತ್ತು ಬರೆಯುವ ಪೆನ್ನು ಇರಲಿ. ಪೆನ್ನನ್ನು ನಾನು ಒಯ್ದಿರಲಿಲ್ಲ.

ಮುಗಿದ ಮೇಲೆ ಹುಲ್ಲಿನ ಮೇಲೆ ಕುಳಿತು ನೀರು ಕುಡಿಯುತ್ತಿದ್ದಾಗ ಮೆಟ್ಟಿಲುಗಳ ಮೇಲೆ ನನ್ನನ್ನು ದಾಟಿದ ಬಿಳಿ ಗಡ್ಡದವರು ಬಂದು, ನನ್ನ ಬೆವರು ಹಿಡಿದ ಕಾಗದವನ್ನು ಇಸಿದುಕೊಂಡು, ಎಲ್ಲೆಲ್ಲಿ ಹೋದೆ ಎಂದು ವಿಚಾರಿಸಿದರು. ರಿವರ್‌ಡೇಲಿನ ತಪ್ಪಿಗೆ ಅವರು ನಗಲಿಲ್ಲ. ಆದರೆ ಮುದ್ರೆ ಬಿದ್ದ ಮೇಲೆ ಬ್ರಾಡ್‌ವ್ಯೂ ರಸ್ತೆಗೆ ಯಾಕೆ ಹೋದಿರಿ, ಕಾಲುಸೇತುವೆಗೇ ಹಿಂದಿರುಗಿ ಅಲ್ಲಿಂದ ನದಿಯ ಪಕ್ಕಕ್ಕೆ ಮೆಟ್ಟಿಲಿಳಿದಿದ್ದರೆ ಸರೋವರದ ಹತ್ತಿರದ ತನಕ ಒಂದೂ ಸಿಗ್ನಲ್ ಇಲ್ಲವಲ್ಲ ಎಂದರು. ಗೆರಾರ್ಡ್, ಡಂಡಾಸ್, ಕ್ವೀನ್, ಮೂರೂ ರಸ್ತೆಗಳು ಅಲ್ಲಿ ತಲೆಯ ಮೇಲಿನ ಸೇತುವೆಗಳಲ್ಲಿ ಹಾದುಹೋಗುತ್ತವೆ ಎಂದು ಬೆರಳಿನಿಂದ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ನಾನು ಪೂರ್ತಿ ನಂಬಲಿಲ್ಲ. ಮರುದಿನ ಭಾನುವಾರ, ಮೊಣಕೈಗೆ ಪಟ್ಟಿ ಸುತ್ತಿಕೊಂಡು, ಒಬ್ಬನೇ ಹೋಗಿ ಆ ಮೆಟ್ಟಿಲು ಇಳಿದೆ. ಮೂರೂ ಸೇತುವೆಗಳು ತಲೆಯ ಮೇಲೆ ಒಂದೊಂದಾಗಿ ಹಾದುಹೋದವು. ಕ್ವೀನ್ ರಸ್ತೆಯ ಸೇತುವೆಯ ಮೇಲೆ ಟ್ರಾಮು ಗಡಗಡ ಸದ್ದು ಮಾಡುತ್ತಿತ್ತು, ಕೆಳಗೆ ನದಿಯ ದಡದಲ್ಲಿ ನನಗೆ ಎದುರಾದದ್ದು ನಾಯಿಯೊಂದಿಗೆ ನಡೆಯುತ್ತಿದ್ದ ಒಬ್ಬರು ಮಾತ್ರ.