ಅಜ್ಜನ ದೋಣಿಗೆ ಹಳೆಯ ಸೀಗಲ್ ಇಂಜಿನ್

ಕೊಡಗಿನ ಹಾರಂಗಿ ಜಲಾಶಯದ ಹಿನ್ನೀರಿನಲ್ಲಿ ಅಜ್ಜ ಓಡಿಸುತ್ತಿದ್ದ ಹದಿನಾಲ್ಕು ಅಡಿ ಉದ್ದದ ಮರದ ಮೋಟಾರು ದೋಣಿಗೆ ಮತ್ತೆ ಇಂಜಿನ್ ಕೂರಿಸಬೇಕೆಂದು ನಿಶ್ಚಯವಾದಾಗ, ಹೊಸದೊಂದನ್ನು ಕೊಂಡುಬಿಡುವುದೇ ಸುಲಭವೆಂದು ಮನೆಯಲ್ಲಿ ಹಲವರು ಹೇಳಿದರು. ಸುಲಭವೆಂಬುದು ನಿಜ. ಆದರೆ ಈ ದೋಣಿ ನೀರನ್ನು ಸರಿಸಿಕೊಂಡು ಸಾಗುವ ದುಂಡು ತಳದ ದೋಣಿಯೇ ಹೊರತು ನೀರಿನ ಮೇಲೆ ಜಾರುವಂಥದ್ದಲ್ಲ. ಇಂತಹ ದೋಣಿಯ ವೇಗದ ಮಿತಿಯನ್ನು ಅದರ ಉದ್ದವೇ ಗೊತ್ತುಮಾಡುತ್ತದೆ: ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗವು ನಾಟ್ (ಗಂಟೆಗೆ ಸುಮಾರು 1.85 ಕಿಲೋಮೀಟರ್) ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ದೋಣಿಯಲ್ಲಿ ಆ ಉದ್ದ ಹದಿಮೂರು ಅಡಿಯಾದ್ದರಿಂದ ಗಂಟೆಗೆ ಸುಮಾರು ಒಂಬತ್ತು ಕಿಲೋಮೀಟರಿಗಿಂತ ಹೆಚ್ಚು ವೇಗವನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಹದಿನೈದು ಕುದುರೆಶಕ್ತಿಯ ಇಂಜಿನ್ ಕಟ್ಟಿದರೆ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಪೆಟ್ರೋಲು ವ್ಯರ್ಥವಾಗುತ್ತದೆ, ಅಷ್ಟೆ.

ಆದ್ದರಿಂದ ಶೆಡ್ಡಿನಲ್ಲಿ ಗೋಣಿತಾಟು ಹೊದ್ದು ಮಲಗಿದ್ದ ಬ್ರಿಟಿಷ್ ಸೀಗಲ್ ಇಂಜಿನ್ನೇ ನಮಗೆ ಸರಿಯಾಗಿತ್ತು. 1931ರಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಆರಂಭವಾಗಿ, ಮುಂದೆ ಪೂಲ್ ಎಂಬ ಬಂದರು ಪಟ್ಟಣದಲ್ಲಿ 1990ರ ದಶಕದವರೆಗೆ ತಯಾರಾದ ಈ ಇಂಜಿನ್ನುಗಳು ವೇಗಕ್ಕಾಗಿ ಹುಟ್ಟಿದವಲ್ಲ. ಭಾರವಾದ ದೋಣಿಯನ್ನು ನಿಧಾನವಾಗಿ, ಬಲವಾಗಿ ತಳ್ಳುವುದು ಅವುಗಳ ಕೆಲಸ. ನಮ್ಮದು 102 ಸಿಸಿಯ ಸೆಂಚುರಿ ಮಾದರಿ. ಅದರ ಗೇರು ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವುದರಿಂದ, ಅಗಲ ರೆಕ್ಕೆಗಳ ಆ ದೊಡ್ಡ ಪ್ರೊಪೆಲ್ಲರು ನೀರನ್ನು ಕಲಕದೆ ಹಿಡಿದು ತಳ್ಳುತ್ತದೆ. ಪ್ರೊಪೆಲ್ಲರಿಗೆ ತಿರುಗುವ ಬಲ ಒಂದು ಸ್ಪ್ರಿಂಗಿನ ಮೂಲಕ ಹೋಗುವಂತೆ ಮಾಡಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ, ಏಕೆಂದರೆ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಮರಗಳ ಬುಡಗಳು ಅಲ್ಲಲ್ಲಿ ತಲೆಯೆತ್ತುತ್ತವೆ, ಅವುಗಳಿಗೆ ಬಡಿದ ಪೆಟ್ಟನ್ನು ಗೇರಿಗೆ ತಲುಪುವ ಮೊದಲೇ ಆ ಸ್ಪ್ರಿಂಗ್ ಹೀರಿಕೊಳ್ಳುತ್ತದೆ.

ಇಷ್ಟಾದರೂ ಮೊದಲು ಕೈಹಚ್ಚಬೇಕಾದದ್ದು ಇಂಜಿನ್ನಿಗಲ್ಲ, ಅದು ಕೂರುವ ಹಿಂಬದಿಯ ಹಲಗೆಗೆ. ಮರವನ್ನು ಉಪ್ಪುನೀರಿಗಿಂತ ಬೇಗ ಕೊಳೆಸುವುದು ಮಳೆಯ ಸಿಹಿನೀರು, ಕೊಡಗಿನಲ್ಲಿ ಅದಕ್ಕೆ ಬರವಿಲ್ಲ. ಹಲಗೆಯನ್ನು ಮರದ ಕೊಡತಿಯಿಂದ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಮರ ಖಣಿಲ್ ಎನ್ನುತ್ತದೆ, ಕೊಳೆತ ಜಾಗ ಮಂಕಾಗಿ ಸದ್ದು ಕೊಡುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಸಂಶಯ ಪೂರ್ತಿ ಪರಿಹಾರವಾಗುತ್ತದೆ. ನಮ್ಮ ಹಲಗೆಯ ಎಡಮೂಲೆಯಲ್ಲಿ ಹಳೆಯ ಬೋಲ್ಟಿನ ತೂತಿನ ಸುತ್ತ ಅಂಗೈಯಷ್ಟು ಭಾಗ ಮೆತ್ತಗಾಗಿತ್ತು. ಅದನ್ನು ಗಟ್ಟಿ ಮರ ಸಿಗುವವರೆಗೂ ಕೆತ್ತಿ ತೆಗೆದು, ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಹಳೆಯ ಕಿಟಕಿಯ ತೇಗದ ಚೌಕಟ್ಟಿನ ತುಂಡನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿದೆವು.

ಅನಂತರ ಬಂದದ್ದು ಎತ್ತರದ ಪ್ರಶ್ನೆ. ಸಾಮಾನ್ಯವಾಗಿ ಗಿಡ್ಡ ಕಾಲಿನ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ) ಇಂಜಿನ್ನಿಗೆ ಹದಿನೈದು ಇಂಚು, ಉದ್ದ ಕಾಲಿನದಕ್ಕೆ ಇಪ್ಪತ್ತು ಇಂಚು ಎತ್ತರದ ಹಲಗೆ ಬೇಕು. ನಮ್ಮ ಸೀಗಲ್ ಗಿಡ್ಡ ಕಾಲಿನದು, ಹಲಗೆಯ ಎತ್ತರ ಹದಿನೆಂಟು ಇಂಚು. ಹಾಗೆಯೇ ಕಟ್ಟಿದರೆ ಪ್ರೊಪೆಲ್ಲರ್ ನೀರಿನ ಮೇಲ್ಮೈಗೆ ಹತ್ತಿರವಾಗಿ, ಗಾಳಿಯನ್ನು ಎಳೆದುಕೊಂಡು ಸುಮ್ಮನೆ ಗಿರಗಿರ ತಿರುಗುತ್ತದೆ. "ಮೂರು ಇಂಚು ಕೊಯ್ದುಬಿಡುವ ಅಣ್ಣ, ಅರ್ಧ ದಿನದ ಕೆಲಸ" ಎಂದರು ನಮ್ಮ ಆಚಾರಿಯವರು. ನಾನು ಒಪ್ಪಲಿಲ್ಲ. ಹಲಗೆಯನ್ನು ಕೊಯ್ದರೆ ಹಿಂದಿನಿಂದ ಬರುವ ಅಲೆಯನ್ನು ತಡೆಯುವ ಎತ್ತರ ಹೋಗುತ್ತದೆ, ಮತ್ತು ಒಮ್ಮೆ ಕೊಯ್ದದ್ದನ್ನು ಮೊದಲಿನಂತೆ ಮಾಡಲು ಬರುವುದಿಲ್ಲ. ಹಳೆಯ ದೋಣಿ ಮತ್ತು ಹಳೆಯ ಇಂಜಿನ್ ಎರಡನ್ನೂ ಕೆಡಿಸದೆ, ಅವುಗಳ ನಡುವೆ ಬರುವ ಮರದ ತುಂಡನ್ನು ಮಾತ್ರ ಬೇಕಾದಂತೆ ಮಾಡಿಕೊಳ್ಳುವುದು ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೊನೆಗೆ ಆಚಾರಿಯವರೇ ಉಪಾಯ ಹೂಡಿ, ಹಲಗೆಯ ಹೊರಮೈಗೆ ನಾಲ್ಕು ಇಂಚು ದಪ್ಪದ ಎರಡು ತೇಗದ ದಿಮ್ಮಿಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ಮೇಲೆ, ಹಿಂಬದಿಯ ಹಲಗೆಯ ಅಂಚಿಗಿಂತ ಮೂರು ಇಂಚು ತಗ್ಗಿನಲ್ಲಿ, ಅಡ್ಡಹಲಗೆಯೊಂದನ್ನು ಬಿಗಿದರು. ನಡುವೆ ಉಳಿದ ಸಂದಿಯಲ್ಲಿ ಕೈಹಾಕಿ, ಇಂಜಿನ್ನನ್ನು ಬಿಗಿಹಿಡಿಯುವ ಕ್ಲ್ಯಾಂಪಿನ ತಿರುಪುಗಳನ್ನು ತಿರುಗಿಸಬಹುದು. ಭಾರ ಅಷ್ಟು ಹಿಂದಕ್ಕೆ ಸರಿದದ್ದರಿಂದ ಒಳಗಡೆ ಹಲಗೆಗೂ ತಳಕ್ಕೂ ಸೇರುವಂತೆ ಮೂಲೆಗೆ ಆಸರೆಯಾಗುವ ಒಂದು ಮೊಳಕಾಲು ತುಂಡನ್ನು ಕೊಟ್ಟೆವು. ಬೋಲ್ಟುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವು. ಪ್ರತಿ ತೂತಿಗೂ ಸೀಲೆಂಟ್ ತುಂಬಿಯೇ ಬಿಗಿದದ್ದು. ಕ್ಲ್ಯಾಂಪನ್ನು ಎಷ್ಟೇ ಬಿಗಿದರೂ ಇಂಜಿನ್ನಿನ ಅದುರುವಿಕೆಗೆ ಸಡಿಲವಾಗಬಹುದಾದ್ದರಿಂದ ಇಂಜಿನ್ನಿನಿಂದ ದೋಣಿಗೆ ಸರಪಳಿಯೂ ಇದೆ.

ಇಂಜಿನ್ನಿನ ಕೆಲಸ ಇದಕ್ಕೆ ಹೋಲಿಸಿದರೆ ಚಿಕ್ಕದು. ತೋಟದ ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ ಇವುಗಳ ಟು-ಸ್ಟ್ರೋಕ್ ಇಂಜಿನ್ ಬಿಚ್ಚಿ ಗೊತ್ತಿದ್ದವರಿಗೆ ಸೀಗಲ್ ಅಪರಿಚಿತವೆನಿಸುವುದಿಲ್ಲ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ಪಾಯಿಂಟುಗಳನ್ನು ಉಜ್ಜಿ ಅಂತರವನ್ನು ಅರ್ಧ ಮಿಲಿಮೀಟರಿಗೆ ಇಟ್ಟ ಮೇಲೆ ಕಿಡಿ ಬಂತು. ಹಾರಂಗಿಯ ಪೂರ್ಣಮಟ್ಟವೇ ಸಮುದ್ರಮಟ್ಟದಿಂದ 2859 ಅಡಿ. ಅಲ್ಲಿ ಗಾಳಿ ಹತ್ತನೆಯ ಒಂದು ಪಾಲಿನಷ್ಟು ತೆಳುವಾಗಿರುವುದರಿಂದ, ಗಾಳಿಗೆ ಪೆಟ್ರೋಲನ್ನು ಬೆರೆಸುವ ಕಾರ್ಬುರೇಟರ್ ಕರಾವಳಿಗೆ ಹೊಂದಿಸಿದ್ದಾದರೆ ಇಲ್ಲಿ ಪೆಟ್ರೋಲನ್ನು ಹೆಚ್ಚಾಗಿ ಕೊಡುತ್ತದೆ. ಪೆಟ್ರೋಲಿನ ಹರಿವನ್ನು ಹಿಡಿತದಲ್ಲಿಡುವ ಅದರ ಸೂಜಿಯನ್ನು ತುಸು ಇಳಿಸಿದ ಮೇಲೆ, ನೀರು ತುಂಬಿದ ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಇಂಜಿನ್ ಒಂದೇ ಸಮನೆ ಓಡಿತು. ಈ ಮಾದರಿಯಲ್ಲಿ ನ್ಯೂಟ್ರಲ್ ಇಲ್ಲ. ಹಗ್ಗ ಎಳೆದು ಚಾಲೂ ಆದ ಕ್ಷಣವೇ ದೋಣಿ ಹೊರಡುತ್ತದೆ. ಹಾಗಾಗಿ ಮೂತಿಯನ್ನು ತೆರೆದ ನೀರಿನತ್ತ ತಿರುಗಿಸಿ, ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಕುಳಿತ ಮೇಲಷ್ಟೇ ಹಗ್ಗಕ್ಕೆ ಕೈಹಾಕಬೇಕು. ಜಲಾಶಯದಲ್ಲಿ ಮೋಟಾರು ದೋಣಿಗೆ ಅನುಮತಿ ಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ನನ್ನನ್ನು ಇನ್ನೂ ಕಾಡುವುದು ಪೆಟ್ರೋಲಿಗೆ ಬೆರೆಸುವ ಎಣ್ಣೆಯ ವಿಚಾರ. ಆ ಕಾಲದ ಸೀಗಲ್‌ಗೆ ಹತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೇಕು, ಅಂದರೆ ಲೀಟರಿಗೆ ನೂರು ಮಿಲಿಲೀಟರ್. ಅದರಲ್ಲಿ ಒಂದಷ್ಟು ಸುಡದೆ ನೀರಿಗೆ ಸೇರುತ್ತದೆ, ಮತ್ತು ಈ ನೀರು ಕೂಡಿಗೆಯಲ್ಲಿ ಕಾವೇರಿಯನ್ನು ಕೂಡುವಂಥದ್ದು. ಕಾರ್ಬುರೇಟರನ್ನು ಬದಲಿಸಿ ಎಣ್ಣೆಯನ್ನು ಇಪ್ಪತ್ತೈದಕ್ಕೆ ಒಂದರಂತೆ ಇಳಿಸಿಕೊಳ್ಳಲು ಅನೇಕ ಮಾದರಿಗಳಲ್ಲಿ ಅವಕಾಶವಿದೆ. ಮುಂದಿನ ಮಳೆಗಾಲದಲ್ಲಿ ಅದನ್ನು ಮಾಡಲಿದ್ದೇವೆ. ಅಲ್ಲಿಯವರೆಗೆ ಓಡಾಟ ಕಡಿಮೆ, ಉಳಿದಂತೆ ಹುಟ್ಟು ಹಾಕಿಯೇ ಸಾಗುವುದು. ಎಥನಾಲ್ ಬೆರೆತ ಇಂದಿನ ಪೆಟ್ರೋಲು ತೇವವನ್ನು ಹೀರುವುದರಿಂದ ಪ್ರತಿ ಸಲವೂ ಟ್ಯಾಂಕಿನ ನಲ್ಲಿಯನ್ನು ಮುಚ್ಚಿ, ಕಾರ್ಬುರೇಟರ್ ಬರಿದಾಗುವವರೆಗೆ ಇಂಜಿನ್ ಓಡಿಸಿ, ಟ್ಯಾಂಕನ್ನು ಖಾಲಿ ಮಾಡಿಯೇ ಶೆಡ್ಡಿಗೆ ಒಯ್ಯುತ್ತೇವೆ.